ಕೂಸಿನ ಕುಂಚಿಗೆಗೆ ಝಾಲರಿ ಹಚ್ಚಿದ್ದು

ಮೆಂತ್ಯ ಸೊಪ್ಪು ಸೋಸುತ್ತಾ ಕುಳಿತಿದ್ದೆ. ಧಾರವಾಡದಿಂದ ತಮ್ಮ ರಾಘುನ ಫೋನು ಬಂತು.

"ಅಕ್ಕಾ, ಹೆಣ್ಣು ಕೂಸು ಹುಟ್ಟೇದ! ಇಬ್ಬರೂ ಆರಾಮ ಇದ್ದಾರ. ನೀ ಈಗ ಸೋದರತ್ತಿ ಆದಿ!"

ಆ ಸಂಭ್ರಮದಲ್ಲಿ ಎಲೆಗಳನ್ನು ಕಸದ ಬುಟ್ಟಿಗೂ ದಂಟುಗಳನ್ನು ಪಾತ್ರೆಗೂ ಹಾಕಿದೆ. ತಾಯಿ ಬನಶಂಕರಿಯ ದಯೆ, ಒಂದು ಸಿವುಡಷ್ಟೇ ಹೋಯಿತು. ಇನ್ನೊಂದು ಉಳಿದಿತ್ತು.

ನಮ್ಮ ಕಡೆ ತೊಟ್ಟಿಲ ಶಾಸ್ತ್ರದಲ್ಲಿ ಸೋದರತ್ತೆಯದೇ ದರ್ಬಾರು. ಕೂಸಿಗೆ ಕುಂಚಿಗೆ ತರುವವಳು ಅವಳು. ಕಿವಿಯಲ್ಲಿ ಕುರ್‍ರ್ ಎಂದು ಹೆಸರು ಹೇಳುವವಳು ಅವಳು. ಹೇಳುವಾಗ ಹೆಂಗಸರೆಲ್ಲ ಸೇರಿ ಬೆನ್ನಿಗೆ ಗುದ್ದುವುದೂ ಅವಳಿಗೇ! ಆ ಗುದ್ದು ತಿನ್ನಬೇಕೆಂದು ನಾನು ಎಷ್ಟೋ ವರ್ಷಗಳಿಂದ ಬೆನ್ನು ಸಿದ್ಧ ಮಾಡಿಕೊಂಡು ಕುಳಿತವಳು.

ಆದರೆ ಹೋಗುವಂತಿರಲಿಲ್ಲ. ಅತ್ತೆ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು, ಮಲಾಡಿನ ನಮ್ಮ ಪುಟ್ಟ ಹಾಲಿನಲ್ಲಿ ಮಂಚದ ಮೇಲೆ ವಿರಾಜಮಾನರಾಗಿದ್ದರು.

"ಹೋಗಿ ಬಾ. ನಾ ಎಲ್ಲಿ ಬ್ಯಾಡ ಅಂದೀನಿ?" ಎಂದರು. ಹಿಂದೆಯೇ, "ಆದ್ರ ನನ್ನ ಸಂಡಾಸಕ್ಕ ಯಾರು ಎಬ್ಬಸ್ತಾರ? ನಿನ್ನ ಗಂಡನೇನು?"

ನಮ್ಮವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ನನ್ನ ಪ್ರಯಾಣ ಅಲ್ಲಿಗೇ ಮುಗಿಯಿತು.

ನಾನು ಹೋಗದಿದ್ದರೇನು, ಕುಂಚಿಗೆಯಾದರೂ ಹೋಗಲಿ ಎಂದು ಸಂಕಲ್ಪ ಮಾಡಿದೆ. ಕುಂಚಿಗೆ ಎಂದರೆ ತಲೆಗೆ ಟೊಪ್ಪಿಗೆಯಾಗಿ, ಬೆನ್ನ ಮೇಲೆ ಸೆರಗಿನಂತೆ ಇಳಿಯುವ ಕೂಸಿನ ಉಡುಪು. ಅಂಚಿಗೆಲ್ಲ ನೆರಿಗೆ ನೆರಿಗೆಯಾಗಿ ಝಾಲರಿ. ಹುಟ್ಟುವ ಮೊದಲೇ ಕೂಸಿಗೆ ಬಟ್ಟೆ ಹೊಲಿಯಬಾರದೆನ್ನುತ್ತಾರೆ. ಹೀಗಾಗಿ ಅಲ್ಲಿಯವರೆಗೆ ಸೂಜಿ ಮುಟ್ಟಿರಲಿಲ್ಲ. ನಮ್ಮವರ ಆಫೀಸಿನವರೊಬ್ಬರು ಆ ವಾರವೇ ಧಾರವಾಡಕ್ಕೆ ಹೊರಟಿದ್ದರು. ಅವರ ಕೈಯಲ್ಲಿ ಕಳಿಸಬೇಕು. ಝಾಲರಿ ಹಚ್ಚುವುದೇನು ಮಹಾ? ಉದ್ದ ಪಟ್ಟಿಗೆ ದಾರ ಪೋಣಿಸುವುದು, ಜಗ್ಗುವುದು, ನೆರಿಗೆ ತಾನೇ ಬೀಳುತ್ತದೆ. ದಿನಾ ಸೀರೆಯ ನೆರಿಗೆ ಹಿಡಿಯುವವಳಿಗೆ ಇದು ಯಾವ ಲೆಕ್ಕ!

ಮೊದಲ ತೊಡಕು ಅಳತೆಯದು. ಕೂಸು ಅಲ್ಲಿ, ಟೇಪು ಇಲ್ಲಿ. ತನ್ನ ಹೊಲಿಗೆಯ ಕೈಮಷೀನ್ ಕೊಡಲು ಬಂದ ಪಕ್ಕದ ಮನೆಯ ಶೈಲಾತಾಯಿ, "ನಾರಳ್ ಘ್ಯಾ ನಾ, ವಹಿನಿ!" ಎಂದಳು. ಹಸುಗೂಸಿನ ತಲೆ ತೆಂಗಿನಕಾಯಿಯಷ್ಟೇ ಇರುತ್ತದಂತೆ. ದೇವರ ಮುಂದಿನ ಕಾಯಿಗೆ ಕೈಮುಗಿದು, ತಪ್ಪಾಯಿತೆಂದು ಹೇಳಿ, ತೊಡೆಯ ಮೇಲೆ ಮಲಗಿಸಿಕೊಂಡು ಅಳತೆ ತೆಗೆದೆ. ಯಾರಿಗೂ ಕಾಣದಂತೆ ಒಮ್ಮೆ ತೂಗಿದ್ದೂ ನಿಜ.

ಎರಡನೆಯ ತೊಡಕು ಬಟ್ಟೆಯದು. ಪ್ರತಿ ಸಲ ತವರಿನಿಂದ ಹೊರಡುವಾಗ ಅವ್ವ ಉಡಿ ತುಂಬಿ ಕೊಟ್ಟ ಕುಬಸದ ಖಣಗಳು ಟ್ರಂಕಿನಲ್ಲಿದ್ದವು. ತೊಟ್ಟರೆ ಹಳೆಯದಾಗುತ್ತವೆಂದು ಒಂದನ್ನೂ ಹೊಲಿಸಿರಲಿಲ್ಲ. ಕೆಂಪು ಖಣ ಮೊದಲ ದೀಪಾವಳಿಯದು. ಹಸಿರು, ನಾನು ಮರೆತು ಬಂದದ್ದನ್ನು ಅಪ್ಪ ಕಡೆಯ ಸಲ ಸ್ಟೇಷನ್ನಿಗೆ ಬಂದು ರೈಲಿನ ಕಿಟಕಿಯಲ್ಲಿ ಕೊಟ್ಟದ್ದು. ನೇರಳೆ, ರಾಘುನ ಮದುವೆಯದು. ಝಾಲರಿಗೆ ಒಂದು ಸಾಕಿತ್ತು. ಆದರೆ ಯಾವುದನ್ನು ಬಿಡಲಿ? ಎಲ್ಲದರಿಂದಲೂ ಪಟ್ಟಿ ಕತ್ತರಿಸಿ ಜೋಡಿಸಿದೆ. ಪಟ್ಟಿ ಹಾಲಿನಿಂದ ಹೊರಟು, ಅಡುಗೆಮನೆ ಪ್ರದಕ್ಷಿಣೆ ಹಾಕಿ ವಾಪಸು ಬಂತು!

"ಕೂಸಿಗೆ ಹೊಲಿಯಾಕತ್ತಿಯೋ, ಆನಿಗೋ?" ಎಂದರು ಅತ್ತೆ.

ಒಂದು ಸುತ್ತು ಹಚ್ಚಿದೆ, ಪಟ್ಟಿ ಮುಗಿಯಲಿಲ್ಲ. ಅದರ ಮೇಲೆ ಇನ್ನೊಂದು ಸುತ್ತು. ಅದರ ಮೇಲೆ ಮತ್ತೊಂದು. ಜಗ್ಗಿದ ರಭಸಕ್ಕೆ ದಾರ ಕಡಿದು, ನೆರಿಗೆಗಳೆಲ್ಲ ಸರ್‍ರನೆ ಬಿಚ್ಚಿಕೊಂಡವು. ಮತ್ತೆ ಪೋಣಿಸಿದೆ. ಸೂಜಿ ಬೆರಳಿಗೆ ಚುಚ್ಚಿತು. ದೇವರು ದೊಡ್ಡವನು, ಎಡಗೈಯದು! ರೊಟ್ಟಿ ಬಡಿಯುವ ಕೈ ಉಳಿಯಿತು.

ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು. ಎದ್ದೆ. ನನ್ನ ಹಿಂದೆ ಮಷೀನೂ ಹೊರಟಿತು! ಝಾಲರಿಯ ಜೊತೆಗೆ ನನ್ನ ಸೆರಗನ್ನೂ ಸೇರಿಸಿ ಸಾಂಗವಾಗಿ ಹೊಲಿದುಬಿಟ್ಟಿದ್ದೆ. ಬಗ್ಗಿಕೊಂಡು, ಅದನ್ನು ಎಳೆಯುತ್ತಲೇ ಹೋಗಿ ಬಾಗಿಲು ತೆಗೆದೆ. ಹೊರಗೆ ನಮ್ಮವರು.

"ಏನಿದು? ಮಷೀನ್ ಕಟ್ಟಿಕೊಂಡು ತವರಿಗೆ ಹೊಂಟಿ ಏನ?"

"ಹೌದ್ರಿ. ಎರಡು ಟಿಕೆಟ್ ತೆಗೀರಿ!" ನಗುತ್ತಲೇ ಅಂದೆ.

ಅವರು ಕತ್ತರಿ ತಂದು, ಸೆರಗು ಕತ್ತರಿಸಿ, ನನ್ನನ್ನು ಬಂಧಮುಕ್ತಗೊಳಿಸಿದರು. ಬೆರಳಗಲದ ತುಂಡೊಂದು ಝಾಲರಿಯಲ್ಲೇ ಉಳಿಯಿತು. ತೆಗೆಯಲು ಹೋದರೆ ಇಡೀ ಸುತ್ತು ಬಿಚ್ಚಬೇಕು. ಇರಲಿ ಬಿಡು ಎಂದು ಬಿಟ್ಟೆ.

ತಯಾರಾದ ಕುಂಚಿಗೆಯನ್ನು ತೆಂಗಿನಕಾಯಿಗೆ ತೊಡಿಸಿದೆ. ಏನು ಶೋಭೆ!

"ಗಣಪತಿ ಪೆಂಡಾಲಿನ ಪಡದಾ ಇದ್ದಂಗ ಆಗೇದಲ್ಲ," ಎಂದರು ನಮ್ಮವರು.

ಅಸೂಯೆ, ಎಂದುಕೊಂಡೆ. ತೆಂಗಿನಕಾಯಿಗೆ ಮೂಗು ಇರುವುದಿಲ್ಲ ಎಂಬ ಸಂಗತಿ ಆಗ ಹೊಳೆಯಲಿಲ್ಲ.

ತೊಟ್ಟಿಲ ದಿನ ರಾಘು ವಿಡಿಯೋ ಕಾಲ್ ಮಾಡಿದ. ನಾನು ತಲೆಗೆ ಎರೆದುಕೊಂಡು, ಇಳಕಲ್ ಸೀರೆ ಉಟ್ಟು, ಅತ್ತೆಯ ಮಂಚದ ಅಂಚಿಗೆ ಕುಳಿತೆ. ಫೋನಿನ ತುಂಬ ಕೆಂಪು, ಹಸಿರು, ನೇರಳೆ.

"ರಾಘು, ಕೂಸಿನ ಮುಖ ತೋರಸೋ!"

"ಅದನ್ನ ಹುಡುಕಾಕತ್ತೇವಿ, ಅಕ್ಕಾ!"

ಒಂದು ಸುತ್ತು ಎತ್ತಿದರೆ ಇನ್ನೊಂದು ಬೀಳುತ್ತಿತ್ತು. ಫೋನು ಬಂದ ದಿನದಿಂದ ನೋಡಬೇಕೆಂದು ಹಂಬಲಿಸಿದ ಮುಖ, ಮುಚ್ಚಿದವಳು ನಾನೇ! ಕಡೆಗೆ ಅವ್ವ ಎರಡೂ ಕೈಯಿಂದ ಝಾಲರಿ ಸರಿಸಿದಳು. ಒಂದು ಮೂಗು ಕಂಡಿತು. ನಮ್ಮ ಅಪ್ಪನ ಮೂಗು. ಅದರ ಪಕ್ಕ, ಗಲ್ಲಕ್ಕೆ ಅಂಟಿಕೊಂಡು ನನ್ನ ಸೆರಗಿನ ತುಂಡು. ನನ್ನನ್ನು ಇಲ್ಲೇ ಬಿಟ್ಟು ಅದು ತವರು ಮುಟ್ಟಿತ್ತು!

ಅವ್ವ ಫೋನನ್ನು ಕೂಸಿನ ಕಿವಿಗೆ ಹಿಡಿದಳು. "ಕುರ್‍ರ್..." ಎಂದು ಹೆಸರು ಹೇಳಿದೆ. ಅಲ್ಲಿ ಹೆಂಗಸರು ನಕ್ಕಿದ್ದು ಕೇಳಿಸಿತು. ನನ್ನ ಬೆನ್ನು ಸುಮ್ಮನೆ ಕಾಯುತ್ತಿತ್ತು. ಆಗ ದಬ್ ಎಂದು ಗುದ್ದು ಬಿತ್ತು.

ಅತ್ತೆ!

"ಶಾಸ್ತ್ರ ಬಿಡಬಾರದು," ಎಂದರು ಕೈ ತಿಕ್ಕಿಕೊಳ್ಳುತ್ತಾ. "ಇನ್ನ ಏಳು, ರೊಟ್ಟಿ ಬಡಿ. ಹೊತ್ತಾತು."

ಎಸರಿಟ್ಟು ಹಿಟ್ಟು ನಾದಿದೆ. ನೀರು ಸರಿಯಾಗಿ ಕಾಯಲಿಲ್ಲವೋ, ನನ್ನ ಕಣ್ಣೇ ಮಂಜಾಗಿತ್ತೋ, ರೊಟ್ಟಿಯ ಅಂಚೆಲ್ಲ ಸೀಳಿ ನೆರಿಗೆ ನೆರಿಗೆಯಾಯಿತು. ಅದನ್ನೇ ಬೇಯಿಸಿ ತಾಟಿಗೆ ಹಾಕಿದೆ. ಅತ್ತೆ ಎತ್ತಿ, ತಿರುಗಿಸಿ ನೋಡಿದರು.

"ಇದಕ್ಕೂ ಝಾಲರಿ ಹಚ್ಚಿಯೇನವಾ?"

ತುಂಡಾದ ಸೆರಗನ್ನು... ಅಲ್ಲ, ಅವತ್ತು ಉಟ್ಟದ್ದು ಇಳಕಲ್ ಸೀರೆ, ಅದರ ಸೆರಗು ಇನ್ನೂ ಇಡಿಯಾಗಿತ್ತು. ಅದನ್ನು ಭದ್ರವಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು ಇನ್ನೊಂದು ರೊಟ್ಟಿ ಬಡಿಯತೊಡಗಿದೆ.