ಒಂದೇ ಮನೆಯ ಎರಡು ಕ್ಲಬ್ಬುಗಳು

ತನಗೆ ತಿಳಿದದ್ದನ್ನು, ಕೇಳದವರಿಗೂ ಬಿಡಿಸಿ ಹೇಳುವ ಸುಖ ಇದೆಯಲ್ಲ, ಅದು ಅನುಭವಿಸಿದವರಿಗೇ ಗೊತ್ತು. ಗೋಕಾಕದಲ್ಲಿ ನನ್ನದೊಂದು ನೀರೆತ್ತುವ ಮೋಟರುಗಳ ಅಂಗಡಿ ಇದೆ. ಅಂಕಲಗಿ, ಧುಪದಾಳದ ಕಡೆಯಿಂದ ಮೋಟರು ಕೊಳ್ಳಲು ಬಂದ ರೈತರು ಮೋಟರಿನ ಬಗ್ಗೆ ಎರಡು ಮಾತು ಕೇಳಿದರೆ ಫುಟ್‌ಬಾಲಿನ ಬಗ್ಗೆ ಇಪ್ಪತ್ತು ಮಾತು ಕೇಳಿಸಿಕೊಂಡೇ ಹೋಗಬೇಕು. ಅಂಗಡಿಯ ಟಿ.ವಿ.ಯಲ್ಲಿ ಬೆಳಗ್ಗೆಯಿಂದ ಹಳೆಯ ಪಂದ್ಯಗಳು ಓಡುತ್ತಿರುತ್ತವೆ. ನಾನು ಗಲ್ಲಾದ ಹಿಂದೆ ಕೂತು, ಯಾವ ಆಟಗಾರ ಎಲ್ಲಿ ಎಡವಿದ, ಎಲ್ಲಿ ಒದೆಯಬೇಕಿತ್ತು ಎಂದು ತಿದ್ದುತ್ತಿರುತ್ತೇನೆ. ಒಮ್ಮೆ ರೈತರೊಬ್ಬರು ತಾಳ್ಮೆಗೆಟ್ಟು, "ಸಾವ್ಕಾರ್ರ, ಆ ಗೋಲಿನ ಸುದ್ದಿ ನಾಳಿ ಬಂದು ಕೇಳ್ತೇನ್ರಿ. ಇವತ್ತು ನಮ್ಮ ನೀರಿನ ಪಾಳಿ ಐತಿ" ಎಂದು ಮೋಟರನ್ನು ಹೆಗಲಿಗೇರಿಸಿಕೊಂಡು ಹೋಗಿಯೇಬಿಟ್ಟರು. ಆ ನಾಳೆ ಬರಲೇ ಇಲ್ಲ. ಅವರಿಗೆ ಗೋಲು ಯಾರು ಹೊಡೆದರೆಂದು ಇನ್ನೂ ಗೊತ್ತಿಲ್ಲವಲ್ಲ ಎಂದು ನನಗೆ ಈಗಲೂ ಕೆಡುಕೆನಿಸುತ್ತದೆ.

ಇಷ್ಟು ಬಲ್ಲವನು ನಾನೇ ಆಡುತ್ತಿದ್ದೆನೇ ಎಂದು ಕೇಳಬೇಡಿ. ನನ್ನ ದೇಹ ಕೂತು ಮಾತನಾಡುವುದಕ್ಕೆ ಹೇಳಿ ಮಾಡಿಸಿದ್ದು. ಆದರೂ ಊರಿನ ಫುಟ್‌ಬಾಲ್ ಕ್ಲಬ್ಬಿಗೆ ನಾನೇ ಅಧ್ಯಕ್ಷ. ಚೆಂಡು, ಅಂಗಿ, ಬಾಳೆಹಣ್ಣು ಎಲ್ಲ ನನ್ನ ಅಂಗಡಿಯಿಂದ. ಮನೆಯಲ್ಲಿ ಆಟ ಬಲ್ಲವಳು ನನ್ನ ಹೆಂಡತಿ ಸುವರ್ಣಾ. ಅವಳ ತವರು ಹುಕ್ಕೇರಿ. ಅಲ್ಲಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ದಿನಾ ಬಸ್ಸಿಗೆ ಹೋಗಿ ಬರುತ್ತಾಳೆ. ಹೆಣ್ಣು ನೋಡಲು ಹೋದಾಗ ನಮ್ಮವ್ವ ಅವಳಿಗೆ, "ಹಾಡಾಕ ಬರ್ತೈತೇನವಾ?" ಎಂದು ಕೇಳಿದ್ದಳು. "ಇಲ್ರಿ" ಎಂದ ಸುವರ್ಣಾ ನನ್ನ ಕಡೆ ತಿರುಗಿ, "ನಿಮಗ ಓಡಾಕ ಬರ್ತೈತೇನ್ರಿ?" ಎಂದು ಕೇಳಿದಳು. ಇಬ್ಬರೂ ಪರೀಕ್ಷೆಯಲ್ಲಿ ನಪಾಸಾದದ್ದರಿಂದ ಮದುವೆ ಸುಸೂತ್ರವಾಗಿ ನಡೆಯಿತು. ಈಗ ಅವಳು ತನ್ನ ಹಳೆಯ ವಿದ್ಯಾರ್ಥಿಗಳನ್ನೆಲ್ಲ ಕೂಡಿಸಿ ಹುಕ್ಕೇರಿಯಲ್ಲಿ ಒಂದು ತಂಡ ಕಟ್ಟಿದ್ದಾಳೆ. ಶನಿವಾರ ಸಾಲೆ ಬಿಟ್ಟ ಮೇಲೆ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಸೀಟಿ ಊದುತ್ತ ಅವರನ್ನು ಓಡಿಸುತ್ತಾಳೆ. ಆ ತಂಡ ನಮ್ಮ ಕಡೆಯ ಪಂದ್ಯಾವಳಿಯನ್ನು ಎರಡು ಸಲ ಗೆದ್ದಿದೆ. ನನ್ನ ತಂಡ ಒಂದು ಸಲ ಚಹಾದ ವ್ಯವಸ್ಥೆಗಾಗಿ ಪ್ರಶಂಸೆ ಪಡೆದಿದೆ.

ಪಂದ್ಯಾವಳಿ ಎಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕುಗಳವರು ಸೇರಿ ವರ್ಷಕ್ಕೊಮ್ಮೆ ನಡೆಸುವ ಕಪ್ಪು. ಮೊದಲು ಅದಕ್ಕೆ ಯಾವ ನಿಯಮವೂ ಇರಲಿಲ್ಲ. ಬೆಳಗ್ಗೆ ಮೈದಾನಕ್ಕೆ ಬಂದು ಹೆಸರು ಹೇಳಿದವರೆಲ್ಲ ಆಡಬಹುದಿತ್ತು. ಹೋದ ವರ್ಷ ಎಷ್ಟು ತಂಡಗಳು ಬಂದವೆಂದರೆ, ಎಲ್ಲರಿಗೂ ಅವಕಾಶ ಸಿಗಲೆಂದು ಪಂದ್ಯಗಳನ್ನು ಕತ್ತರಿಸಿ ಕತ್ತರಿಸಿ ಚೂರು ಮಾಡಬೇಕಾಯಿತು. ಹಿಡಕಲ್ಲಿನಿಂದ ಬಂದ ತಂಡವೊಂದು ಉಪ್ಪಿಟ್ಟು ತಿಂದು ಕೈ ತೊಳೆದುಕೊಂಡು ಬರುವಷ್ಟರಲ್ಲಿ ಅವರ ಪಂದ್ಯವೇ ಮುಗಿದು ಅವರು ಸೋತಾಗಿತ್ತು. ಆ ಗಲಾಟೆ ಮತ್ತೆ ಬೇಡವೆಂದು ಈ ವರ್ಷ ಮಳೆಗಾಲದ ಕೊನೆಗೆ ಎಲ್ಲ ತಂಡಗಳ ಮುಖ್ಯಸ್ಥರನ್ನು ನನ್ನ ಅಂಗಡಿಯ ಮಾಳಿಗೆಯ ಮೇಲೆ ಸಭೆಗೆ ಕರೆದೆವು. ಸಾಲೆ ಇದ್ದದ್ದರಿಂದ ಸುವರ್ಣಾ ಬರಲಿಲ್ಲ. ಎಂಟು ತಂಡಗಳಷ್ಟೇ ಆಡಬೇಕು ಎಂಬುದಕ್ಕೆ ಎಲ್ಲರೂ ಒಪ್ಪಿದರು. ಯಾವ ಎಂಟು ಎಂಬುದಕ್ಕೆ ಯಾರೂ ಒಪ್ಪಲಿಲ್ಲ. ನಾನು ಕಾಯುತ್ತಿದ್ದ ಗಳಿಗೆ ಅದೇ. ಎದ್ದು ನಿಂತು, "ಜಗತ್ತಿನ ದೊಡ್ಡ ದೊಡ್ಡ ಕ್ಲಬ್ಬುಗಳು ಕ್ಲಬ್ ವಿಶ್ವಕಪ್ಪಿಗೆ ಹೆಂಗ ಆರಿಸಿ ಬರ್ತಾವ, ಗೊತ್ತೇನ್ರಿ ಯಾರಿಗರೆ?" ಎಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಆಹಾ!

ಮತ್ತೆ ನನ್ನನ್ನು ಹಿಡಿಯುವವರಿರಲಿಲ್ಲ. ಒಂದೊಂದು ಖಂಡಕ್ಕೂ ಅದರದೇ ಕ್ಲಬ್ ಕಪ್ಪು ಇರುತ್ತದೆ. ಹಿಂದಿನ ನಾಲ್ಕು ವರ್ಷಗಳಲ್ಲಿ ಅದನ್ನು ಗೆದ್ದವರಿಗೆ ನೇರ ಪ್ರವೇಶ ಎಂದೆ. ಉಳಿದ ಜಾಗಗಳಿಗೆ ಅದೇ ನಾಲ್ಕು ವರ್ಷಗಳ ಆಟದ ಅಂಕಗಳನ್ನು ಕೂಡಿಸಿ ನೋಡುತ್ತಾರೆ. ಒಂದು ದೇಶದಿಂದ ಎರಡಕ್ಕಿಂತ ಹೆಚ್ಚು ಕ್ಲಬ್ಬು ಬರುವಂತಿಲ್ಲ. ಆದರೆ ಒಂದೇ ದೇಶದ ಮೂವರು ಬೇರೆ ಬೇರೆ ವರ್ಷ ಖಂಡದ ಕಪ್ಪನ್ನೇ ಗೆದ್ದಿದ್ದರೆ ಆ ಮೂವರಿಗೂ ಬಾಗಿಲು ತೆರೆದದ್ದೇ. ಆತಿಥ್ಯ ವಹಿಸಿದ ದೇಶಕ್ಕೆ ಬೇರೆಯದೇ ಒಂದು ಜಾಗ. ಯುರೋಪಿಗೆ ಎಲ್ಲರಿಗಿಂತ ಹೆಚ್ಚು ಜಾಗಗಳಿವೆ ಎಂದು ಹೇಳಿದಾಗ ಮೂಡಲಗಿ ತಂಡದ ಹಿರಿಯರಾದ ಬಾಳಪ್ಪ ಕಾಕಾ ತಡೆದರು. ಬೆಲ್ಲದ ವ್ಯಾಪಾರಿ, ಮೆತ್ತಗಿನ ಮಾತು.

"ಯುರೋಪಿನವರಿಗೆ ಯಾಕ್ರಿ ಅಷ್ಟು ಜಾಗ?"

"ಅಲ್ಲಿ ಆಟ ಜಾಸ್ತಿ ಐತ್ರಿ ಕಾಕಾ."

"ಹಂಗಾದ್ರ ಮೂಡಲಗ್ಯಾಗೂ ಜಾಸ್ತಿ ಐತಿ. ನಮ್ಮನ್ನೂ ಯುರೋಪಿನ ಲೆಕ್ಕದಾಗ ಹಿಡೀರಿ."

ಎಲ್ಲರೂ ನಕ್ಕರು. ನಕ್ಕ ಸಭೆ ಒಪ್ಪಿದಂತೆಯೇ. ನಮ್ಮಲ್ಲಿಯೂ ಅದೇ ಪದ್ಧತಿ ಎಂದು ತೀರ್ಮಾನವಾಯಿತು. ಹಿಂದೆ ಗೆದ್ದವರು ನೇರವಾಗಿ, ಉಳಿದವರು ಅಂಕಗಳ ಮೇಲೆ, ಒಂದು ಊರಿಗೆ ಎರಡೇ ತಂಡ, ಈ ಸಲದ ಆತಿಥೇಯ ಗೋಕಾಕಕ್ಕೆ ಒಂದು ಜಾಗ. ಆ ಒಂದು ಜಾಗ ನನ್ನ ತಂಡದ್ದು ಎಂಬುದನ್ನು ನಾನು ವಿನಯದಿಂದ ಯಾರಿಗೂ ಹೇಳಲಿಲ್ಲ. ಅಲ್ಲಿಗೆ ಕೂತುಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ನನಗೆ ಇನ್ನೂ ಒಂದು ಸಂಗತಿ ಗೊತ್ತಿತ್ತು. ಗೊತ್ತಿದ್ದ ಮೇಲೆ ಹೊಟ್ಟೆಯಲ್ಲಿಟ್ಟುಕೊಳ್ಳುವುದು ಹೇಗೆ? "ಇನ್ನೊಂದು ಮಜಾ ಕೇಳ್ರಿ. ಒಬ್ಬನ ಮಾಲೀಕಂದು ಎರಡು ಕ್ಲಬ್ಬು ಒಂದ ಕಪ್ಪಿನ್ಯಾಗ ಆಡಾಕ ಬರೂದಿಲ್ಲ. ತಮ್ಮ ಖಂಡದ ಕಪ್ಪು ಗೆದ್ದು ಬಂದ ಒಂದು ಕ್ಲಬ್ಬನ್ನ ಇದ ಕಾರಣಕ್ಕ ಹೊರಗ ಹಾಕಿದ್ರು. ಆ ಖಾಲಿ ಜಾಗಕ್ಕ ಬ್ಯಾರೆ ಎರಡು ಕ್ಲಬ್ಬು ಒಂದು ಪಂದ್ಯ ಆಡಿದುವು" ಎಂದೆ. ಸಭೆ ಬೆರಗಾಯಿತು. ಈ ನಿಯಮವೂ ಇರಲಿ ಎಂದು ಯಾರೋ ಅಂದರು. ಇರಲಿ ಎಂದು ನಾನೇ ಜೋರಾಗಿ ಅಂದೆ.

ಬಾಳಪ್ಪ ಕಾಕಾ ಚಹಾದ ಕಪ್ಪನ್ನು ಕೆಳಗಿಟ್ಟರು. "ಒಂದು ಸಂಶೆ ಐತ್ರಿ ಸಾವ್ಕಾರ್ರ. ಒಂದ ಒಲಿ ಮ್ಯಾಲಿನ ಅಡಗಿ ಉಣ್ಣೋ ಗಂಡ ಹೆಂಡ್ತಿ ಒಂದ ಮಾಲೀಕರೋ, ಎರಡೋ?"

ಎಲ್ಲರೂ ನನ್ನ ಕಡೆ ತಿರುಗಿದರು. ಹುಕ್ಕೇರಿ ತಂಡ ಸುವರ್ಣಾಳದು, ಗೋಕಾಕದ್ದು ನನ್ನದು, ಅವಳ ಕೆಲಸವೇ ಬೇರೆ, ನನ್ನ ವ್ಯಾಪಾರವೇ ಬೇರೆ ಎಂದು ನಾನು ವಾದಿಸತೊಡಗಿದೆ. ಕಾಕಾ ಕೊನೆಯವರೆಗೂ ಕೇಳಿಸಿಕೊಂಡು, "ಖರೆ ಐತಿ. ಆದ್ರ ಎರಡೂ ತಂಡದ ಅಂಗಿ ಬೆನ್ನಿನ ಮ್ಯಾಲೆ ನಿಮ್ಮ ಅಂಗಡಿ ಹೆಸರ ಐತಲ್ರಿ?" ಎಂದರು. ಇತ್ತು. ಹುಕ್ಕೇರಿಯ ಕಡೆಯ ಗಿರಾಕಿಗಳೂ ಬರಲೆಂದು ನಾನೇ ಆಸೆಪಟ್ಟು ದಪ್ಪ ಅಕ್ಷರಗಳಲ್ಲಿ ಹಾಕಿಸಿದ್ದೆ. ಎರಡರಲ್ಲಿ ಯಾವ ತಂಡ ಆಡಬೇಕೆಂದು ನೀವು ಗಂಡ ಹೆಂಡತಿ ಮಾತಾಡಿಕೊಂಡು ತಿಳಿಸಿ ಎಂಬಲ್ಲಿಗೆ ಸಭೆ ಮುಗಿಯಿತು.

ಸಂಜೆ ಸುವರ್ಣಾ ರೊಟ್ಟಿ ಬಡಿಯುತ್ತಿದ್ದಳು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿ, ಮೆಲ್ಲಗೆ, "ನಿಮ್ಮವರು ಹೆಂಗಿದ್ರೂ ಎರಡು ಸಲ ಗೆದ್ದಾರ. ಒಂದು ವರ್ಷ ಬಿಟ್ಟುಕೊಟ್ರ..." ಎಂದೆ. ಅವಳ ಕೈ ನಿಂತಿತು.

"ಗೆದ್ದದ್ದು ತಪ್ಪಾತೇನ್ರಿ?"

"ಹಂಗಲ್ಲ..."

"ನಮ್ಮ ಹುಡುಗರು ಗೆದ್ದು ಅರ್ಹತಾ ಪಡದಾರ. ನಿಮ್ಮವರು ಊರಾಗ ಮೈದಾನ ಐತಿ ಅಂತ ಪಡದಾರ. ನಿಮ್ಮ ವಿಶ್ವಕಪ್ಪಿನ್ಯಾಗ ಯಾರನ್ನ ಒಳಗ ಬಿಡ್ತಾರ, ಅದನ್ನ ಹೇಳ್ರಿ."

ಹುಕ್ಕೇರಿಯೇ ಆಡಲಿ ಎಂದು ನಾನು ಒಪ್ಪಿಕೊಂಡೆ. ಅವಳು ತುಸು ಮೆತ್ತಗಾಗಿ, "ಮಲ್ಲೇಶಿಗೆ ನಾ ಹೇಳ್ಲೇನು?" ಎಂದು ಕೇಳಿದಳು. ಮಲ್ಲೇಶಿ ನಮ್ಮ ತಂಡದ ನಾಯಕ. ಊರಲ್ಲಿ ವೈರಿಂಗ್ ಕೆಲಸ ಮಾಡುತ್ತಾನೆ. ಮಳೆಗಾಲವಿಡೀ ಕೆಸರಿನಲ್ಲಿ ಹುಡುಗರನ್ನು ಆಡಿಸಿ, ಈ ಸಲ ಕಪ್ಪು ನಮ್ಮದೇ ಎಂದು ಕೂತಿದ್ದ. ಬೇಡ, ನಾನೇ ಹೇಳುತ್ತೇನೆ ಎಂದೆ.

ಮರುದಿನ ಮೈದಾನಕ್ಕೆ ಹೋಗಿ ಹೇಳಿದೆ. ನನ್ನ ಜೀವನದಲ್ಲಿ ಅಷ್ಟು ಚಿಕ್ಕ ಭಾಷಣ ಮಾಡಿದ್ದು ಅದೊಂದೇ ಸಲ. ಮಲ್ಲೇಶಿ ಚೆಂಡನ್ನು ಪಾದದ ಕೆಳಗೆ ಅತ್ತಿತ್ತ ಉರುಳಿಸುತ್ತ ನಿಂತ. ಆಮೇಲೆ, "ಸಾವ್ಕಾರ್ರ, ಸಭಾದಾಗ ನೀವು ಬಾಯಿ ಮುಚ್ಚಿಕೊಂಡು ಕುಂತಿದ್ರ ನಾವು ಆಡ್ತಿದ್ವಿ, ಹೌದಿಲ್ರಿ?" ಎಂದ. ಹೌದೆಂದೆ. ಹುಡುಗರು ನೆಲ ನೋಡಿದರು. ಒಬ್ಬ ಬೂಟು ಬಿಚ್ಚಿ ಕೂತ. ಮಲ್ಲೇಶಿಯೇ ತಲೆ ಎತ್ತಿದ. "ನಿಯಮ ಖರೆ ಐತಿ ಬಿಡ್ರಿ. ಟೀಚರ ತಂಡ ಗೆದ್ದು ಬಂದೈತಿ. ಆದ್ರ ಮೈದಾನ ನಮ್ದು. ಗೆರಿ ನಾವ ಎಳಿತೀವಿ, ಗೋಲಿನ ಕಂಬ ನಾವ ನಿಲ್ಲಸ್ತೀವಿ. ಆ ಕೆಲಸ ಬ್ಯಾರೆಯವರಿಗೆ ಕೊಡಾಕ ಹೋಗಬ್ಯಾಡ್ರಿ." ನಾನು ಕೊಡಿಸಿದ ಅಂಗಿಗಳನ್ನು ತೊಟ್ಟವರಲ್ಲಿ ಇಂಥ ದೊಡ್ಡ ಮನಸ್ಸಿನವರಿದ್ದಾರೆಂದು ನನಗೇ ಗೊತ್ತಿರಲಿಲ್ಲ. ಅಂಗಡಿಗೆ ಮರಳುವ ದಾರಿಯಲ್ಲಿ, ಕಪ್ಪು ಗೆದ್ದವನ ಹಾಗೆ ಎದೆಯೆತ್ತಿ ನಡೆದೆ.

ಈ ಸುದ್ದಿ ಕೇಳಿದ ಸುವರ್ಣಾ ಭಾನುವಾರ ತನ್ನ ತಂಡವನ್ನೇ ಟೆಂಪೋದಲ್ಲಿ ತುಂಬಿಕೊಂಡು ಗೋಕಾಕಕ್ಕೆ ಬಂದಳು. "ಮಲ್ಲೇಶಿ, ನಮಗ ಗಟ್ಟಿ ಎದುರಾಳಿ ಬೇಕಪಾ. ಆಡೂಣು ಬಾ" ಎಂದಳು. ಗೋಕಾಕದ ಹುಡುಗರು ಮನಸ್ಸಿನಲ್ಲಿದ್ದ ಸಂಕಟವನ್ನೆಲ್ಲ ಚೆಂಡಿನ ಮೇಲೆ ತೀರಿಸಿದರು. ಹುಕ್ಕೇರಿಯವರು ಎರಡು ಗೋಲಿನಿಂದ ಸೋತರು. ಈ ಸಲದ ಕಪ್ಪು ನಮ್ಮದೇ ಆಗುತ್ತಿತ್ತು ಎಂಬಂತೆ ಮಲ್ಲೇಶಿ ನನ್ನ ಕಡೆ ನೋಡಿದ. ಮುಂದಿನ ಭಾನುವಾರಗಳಲ್ಲೂ ಹಾಗೇ ನಡೆಯಿತು. ಬರಬರುತ್ತ ಮಲ್ಲೇಶಿ ಎದುರಾಳಿಗಳ ತಪ್ಪುಗಳನ್ನು ತಾನೇ ತಿದ್ದತೊಡಗಿದ. ಎಡಗಡೆಯಿಂದ ಬರುವ ಚೆಂಡನ್ನು ತಡೆಯುವುದು ಹೇಗೆಂದು ಹುಕ್ಕೇರಿಯ ಹುಡುಗನೊಬ್ಬನಿಗೆ ಕಲಿಸುತ್ತಿದ್ದಾಗ ಸುವರ್ಣಾ ಸೀಟಿಯನ್ನು ಬಾಯಿಂದ ತೆಗೆದು ನಿಂತು ನೋಡಿದಳು. ಇತ್ತ ನಮ್ಮ ಖಾಲಿ ಜಾಗಕ್ಕಾಗಿ ಅಂಕಲಗಿಯವರೂ ಹಿಡಕಲ್ಲಿನವರೂ ಒಂದು ಪಂದ್ಯ ಆಡಿದರು. ಹಿಡಕಲ್ಲಿನವರು ಗೆದ್ದರು. ಈ ಸಲ ಅವರು ಆಟ ಮುಗಿಯುವವರೆಗೂ ಉಪ್ಪಿಟ್ಟು ಮುಟ್ಟಲಿಲ್ಲ.

ಪಂದ್ಯಾವಳಿ ನಡೆದ ಎರಡು ದಿನ ಒಂದೇ ಒಂದು ಜಗಳವಾಗಲಿಲ್ಲ. ಸುಣ್ಣದ ಗೆರೆಗಳು ದಾರ ಹಿಡಿದು ಎಳೆದಂತಿದ್ದವು. ಪಂದ್ಯಗಳು ಪೂರ್ತಿ ಹೊತ್ತು ನಡೆದವು. ಫೈನಲ್ಲಿಗೆ ಬಂದವರು ಮೂಡಲಗಿ ಮತ್ತು ಹುಕ್ಕೇರಿ. ನಾನು ಬಾಳಪ್ಪ ಕಾಕಾರ ಬಾಜೂ ಕುರ್ಚಿಯಲ್ಲಿ ಕೂತಿದ್ದೆ. ಆಟದ ಬಗ್ಗೆ ಅವರಿಗೆ ತಿಳಿಸಿ ಹೇಳಬೇಕೆಂದು ನಾಲಿಗೆಯ ತುದಿಗೆ ಬಂದ ಮಾತುಗಳನ್ನು ಬಾಳೆಹಣ್ಣಿನ ಜೊತೆ ನುಂಗಿದೆ. ಮೂಡಲಗಿಯವರು ಸಲಸಲಕ್ಕೂ ಎಡಗಡೆಯಿಂದಲೇ ನುಗ್ಗಿದರು. ಮಲ್ಲೇಶಿ ತಿದ್ದಿದ್ದ ಆ ಹುಡುಗ ಸಲಸಲಕ್ಕೂ ಅಡ್ಡ ನಿಂತ. ಗೆರೆಯ ಆಚೆ ಗೋಕಾಕದ ಹುಡುಗರು ಕುಣಿಯುತ್ತಿದ್ದರು. ಕೊನೆಯ ಗಳಿಗೆಯಲ್ಲಿ ಅವನೇ ಕಸಿದು ಮುಂದೆ ತಳ್ಳಿದ ಚೆಂಡು ಗೋಲಾಯಿತು. ನಾನು ಎದ್ದು ಕುಣಿದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಬಾಳಪ್ಪ ಕಾಕಾ ಅದನ್ನು ಎತ್ತಿ ನಿಲ್ಲಿಸಿ ನಿಟ್ಟುಸಿರುಬಿಟ್ಟರು. "ಆ ಒಲಿ ಸುದ್ದಿ ತಗದು ನಾನ ಕೆಟ್ಟೆ ನೋಡ್ರಿ ಸಾವ್ಕಾರ್ರ. ಎರಡೂ ತಂಡ ಆಡಾಕ ಬಿಟ್ಟಿದ್ರ ನೀವು ನೀವ ಬಡಿದಾಡಿ ದಣೀತಿದ್ರಿ. ಈಗ ಎರಡೂ ಕೂಡಿ ನಮ್ಮನ್ನ ಸೋಲಿಸಿದ್ರಿ."

ಬಹುಮಾನ ಕೊಡುವಾಗ ಕಪ್ಪನ್ನು ಪಡೆದ ಸುವರ್ಣಾ ಅದನ್ನು ಎತ್ತಿ ಹಿಡಿಯಲಿಲ್ಲ. ಮೈಕಿನಲ್ಲಿ ಮಲ್ಲೇಶಿಯನ್ನು ಕರೆದಳು. ಅವನು ಸುಣ್ಣ ಮೆತ್ತಿದ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಬಂದ. "ಅರ್ಹತಾ ಇದ್ದು ಆಡಿದವರು ನಾವು. ಅರ್ಹತಾ ಇದ್ದೂ ಬಿಟ್ಟುಕೊಟ್ಟವರು ಇವರು. ಮೊದಲ ಇವರು ಎತ್ತಲಿ" ಎಂದಳು. ಎರಡೂ ತಂಡಗಳ ಹುಡುಗರು ಸೇರಿ ಕಪ್ಪನ್ನು ಎತ್ತಿದರು. ಎಲ್ಲರ ಬೆನ್ನ ಮೇಲೂ ನನ್ನ ಅಂಗಡಿಯ ಹೆಸರಿತ್ತು. ಆದರೆ ಆ ಹೊತ್ತಿಗೆ ನಾನು ನೋಡುತ್ತಿದ್ದದ್ದು ಸುವರ್ಣಾಳ ಮುಖವನ್ನು. ಓಡಲು ಬಾರದವನನ್ನು ಆವತ್ತು ಯಾಕೆ ಒಪ್ಪಿದಳೋ ಎಂದುಕೊಂಡೆ. ಕೇಳಿದರೆ ನಿಜವನ್ನೇ ಹೇಳಿಬಿಟ್ಟಾಳೆಂದು ಕೇಳಲಿಲ್ಲ.

ಮರುದಿನ ಸುವರ್ಣಾಳನ್ನು ಕೇಳಿ ತಂದ ಕಪ್ಪನ್ನು ಅಂಗಡಿಯ ಗಲ್ಲಾದ ಮೇಲೆ, ಬರುವವರಿಗೆಲ್ಲ ಕಾಣುವಂತೆ ಇಟ್ಟುಕೊಂಡು ಕೂತೆ. ಪೈಪು ಕೊಳ್ಳಲು ಬಂದ ಹಳೆಯ ಗಿರಾಕಿಯೊಬ್ಬರು ಅದನ್ನು ಮುಟ್ಟಿ ನೋಡಿ, "ಯಾರು ಗೆದ್ರು ಸಾವ್ಕಾರ್ರ?" ಎಂದು ಕೇಳಿದರು.

"ನಾವ ರೀ!" ಎಂದೆ, ಎದೆಯುಬ್ಬಿಸಿ.

"ನಿಮ್ಮ ತಂಡ ಆಡಲೇ ಇಲ್ಲಂತಲ್ರಿ?"

"ಅದಕ್ಕ ಗೆದ್ವಿ" ಎಂದೆ.