ಶ್ರೇಷ್ಠ ನಟ ಯಾರು ಸಾರ್?

ದೆಹಲಿಯಲ್ಲಿ ಶ್ರೇಷ್ಠ ನಟನ ರಾಷ್ಟ್ರಪ್ರಶಸ್ತಿ ಪ್ರಕಟವಾದರೆ ಪೆರಿಯನಾಯಕನಪಾಳ್ಯದಲ್ಲಿ ಏನಾದರೊಂದು ಆಗದೆ ಇರುತ್ತಿರಲಿಲ್ಲ. ಎರಡು ಸಾವಿರದ ದಶಕದಲ್ಲಿ ಐದು ವರ್ಷ ಅಲ್ಲಿನ ಒಂದು ನೂಲಿನ ಗಿರಣಿಯಲ್ಲಿ ನಾನು ಎಂಜಿನಿಯರ್ ಆಗಿದ್ದೆ. ಶಿವಮೊಗ್ಗದಿಂದ ಹೋದವನು. ತಮಿಳು ಅರ್ಥವಾಗುತ್ತಿತ್ತು. ನಾನು ಮಾತಾಡಿದರೆ ಮಾತ್ರ ಎದುರಿನವರಿಗೆ ಅರ್ಥವಾಗುತ್ತಿರಲಿಲ್ಲ.

ಪಕ್ಷ ಸೇರದವನು

ಕೆಲಸಕ್ಕೆ ಸೇರಿ ಇನ್ನೂ ಹತ್ತು ದಿನವಾಗಿರಲಿಲ್ಲ. ಬೆಳಗ್ಗೆ ಕ್ಯಾಂಟೀನಿಗೆ ಹೋದರೆ ಜನ ಎರಡು ಗುಂಪಾಗಿ ಕೂತಿದ್ದರು. ಹಿಂದಿನ ಸಂಜೆ ಪ್ರಶಸ್ತಿ ಪ್ರಕಟವಾಗಿತ್ತು. ಒಂದು ಗುಂಪಿನವರ ನಟನಿಗೆ ಬಂದಿತ್ತು, ಇನ್ನೊಂದು ಗುಂಪಿನವರ ನಟನಿಗೆ ಬಂದಿರಲಿಲ್ಲ. ಬಾರದವರ ಮುಂದಾಳು ನಮ್ಮ ವಿಭಾಗದ ಮೇಸ್ತ್ರಿ. ಐವತ್ತರ ಹತ್ತಿರದ ಮನುಷ್ಯ, ಕುನ್ನತ್ತೂರಿನವರು. ಮುಂದಿದ್ದ ಇಡ್ಲಿ ಮುಟ್ಟಿರಲಿಲ್ಲ.

ನನ್ನನ್ನು ನೋಡಿದವರೇ ಕರೆದು ಕೂರಿಸಿಕೊಂಡರು. "ಸಾರ್, ನೀವೇ ಹೇಳಿಬಿಡಿ. ಇಬ್ಬರಲ್ಲಿ ಯಾರ ನಟನೆ ಮೇಲು?"

"ನಾನು ಎರಡೂ ಸಿನಿಮಾ ನೋಡಿಲ್ಲ ಮೇಸ್ತ್ರಿ."

"ಅದಕ್ಕೇ ನಿಮ್ಮನ್ನ ಕೇಳ್ತಿರೋದು. ನೋಡಿದವರೆಲ್ಲ ಆಗಲೇ ಒಂದೊಂದು ಪಕ್ಷ ಸೇರಿಯಾಯ್ತು."

ಅಜ್ಜಿಯ ತೀರ್ಪು

ನಾನು ಬಾಡಿಗೆಗಿದ್ದ ಮನೆಯವರು ತಲೆತಲಾಂತರದಿಂದ ಅಲ್ಲೇ ನೆಲೆಸಿದ ನೇಕಾರರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಮನೆಯ ಅಜ್ಜಿಯ ಕನ್ನಡದಲ್ಲಿ ಅರ್ಧ ತಮಿಳೇ ಇತ್ತು. ನನ್ನ ಕನ್ನಡ ಕೇಳಿದರೆ, "ಪುಸ್ತಕ ಓದ್ದಂಗೆ ಮಾತಾಡ್ತೀಯ ಸಾಮಿ" ಅನ್ನುತ್ತಿದ್ದರು.

ಮರುವರ್ಷ ಪ್ರಶಸ್ತಿ ಬಂದಾಗ ಬೀದಿಯ ಅಭಿಮಾನಿಗಳು ಮನೆಮನೆಗೆ ಸಿಹಿಪೊಂಗಲು ಹಂಚಿದರು. ಅಜ್ಜಿ ದೊನ್ನೆ ಹಿಡಿದುಕೊಂಡು ನನ್ನ ಹತ್ತಿರ ಬಂದರು.

"ಯಾರ್ಗೆ ಸಾಮಿ ಪರಿಸು?" ಪರಿಸು ಅಂದರೆ ಬಹುಮಾನ. ನಾನು ನಟನ ಹೆಸರು ಹೇಳಿದೆ.

"ಅವ ಆ ಪಡದಾಗೆ ಕುಡ್ಕೊಂಡ್ ಬಂದು ಹೆಂಡ್ತಿನ ಹೊಡೀತಾನಲ್ಲ. ಅವನ್ಗಾ?"

"ಸಿನಿಮಾದಲ್ಲಿ ಹೊಡೆದದ್ದು ನಿಜವಲ್ಲ ಅಜ್ಜಿ, ನಟನೆ. ಸುಳ್ಳುಸುಳ್ಳೇ ಹೊಡೆಯೋದು."

"ನಿಜವಾಗಿ ಹೊಡ್ದಿದ್ರೆ ಜೈಲಿಗೆ ಹಾಕ್ಬೇಕು. ಸುಳ್ಳು ಅಂದ್ರೆ, ಸುಳ್ಳಾಡಿದ್ಕಾ ಪರಿಸು?"

ಅಜ್ಜಿ ದೊನ್ನೆಯನ್ನು ಮೂಸಿ ನೋಡಿ ನನ್ನ ಕೈಗೆ ಕೊಟ್ಟರು. "ಪೊಂಗಲಾದ್ರೂ ನಿಜ ತಾನೆ? ತಿನ್ನು."

ಮಾತಾಡದ ನಾಯಕ

ಇನ್ನೊಂದು ವರ್ಷ ಪ್ರಶಸ್ತಿ ಬೇರೆ ಭಾಷೆಯ ನಟನೊಬ್ಬನಿಗೆ ಹೋಯಿತು. ಕುನ್ನತ್ತೂರಿನ ಕಡೆಯ ಒಂದು ಟಾಕೀಸಿನವರು ಎಲ್ಲಿಂದಲೋ ಆ ಸಿನಿಮಾ ತಂದು, 'ಭಾರತದ ಶ್ರೇಷ್ಠ ನಟ' ಎಂದು ಗೋಡೆ ತುಂಬ ಪೋಸ್ಟರ್ ಅಂಟಿಸಿದರು. ಭಾನುವಾರ ಮೇಸ್ತ್ರಿ ನನ್ನನ್ನೂ ಕರೆದುಕೊಂಡು ಹೋದರು.

ಸಿನಿಮಾ ಶುರುವಾಯಿತು. ನಾಯಕ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದ. ಹತ್ತು ನಿಮಿಷ ಕಳೆದರೂ ಮಾತಿಲ್ಲ, ಸಂಗೀತವಿಲ್ಲ. ಸ್ಪೀಕರ್ ಕೆಟ್ಟಿದೆ ಎಂದು ಜನ ಕೂಗಿದರು. ಯಂತ್ರದ ವಿಷಯವಾದ್ದರಿಂದ ನಾನೂ ಮೇಸ್ತ್ರಿಯೂ ಮೆಟ್ಟಿಲು ಹತ್ತಿ ಆಪರೇಟರ್ ಕೋಣೆಗೆ ಹೋದೆವು.

ಆಪರೇಟರ್ ತಾಳ್ಮೆಯಿಂದ ಹೇಳಿದ: "ಸ್ಪೀಕರ್ ಸರಿ ಇದೆ ಅಣ್ಣಾ. ಮೊದಲನೇ ಆಟಕ್ಕೇ ಎರಡು ಸಲ ಬಿಚ್ಚಿ ನೋಡಿದೆ. ಆ ಮನುಷ್ಯನೇ ಮಾತಾಡೋದಿಲ್ಲ."

ಅರ್ಧ ಗಂಟೆಯ ಮೇಲೆ ನಾಯಕ ಒಂದು ಲೋಟ ನೀರು ಕೇಳಿದ. ಟಾಕೀಸು ಹಾರಿಹೋಗುವಂತೆ ಶಿಳ್ಳೆ ಬಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಮೇಸ್ತ್ರಿ ಹೇಳಿದರು: "ಇಪ್ಪತ್ತು ವರ್ಷದಿಂದ ಮನೇಲಿ ನಾನೂ ಇದನ್ನೇ ಮಾಡ್ತಿದೀನಿ ಸಾರ್. ಯಾರು ಗಮನಿಸಿದ್ರು?"

ಹೆಣದ ಪಾತ್ರ

ನಾನು ಅಲ್ಲಿದ್ದ ಕೊನೆಯ ವರ್ಷ ಆಡಳಿತದವರಿಗೂ ಪ್ರಶಸ್ತಿಯ ಗಾಳಿ ತಗುಲಿತು. ಆಯುಧಪೂಜೆಯ ತಮಿಳು ನಾಟಕಕ್ಕೆ 'ಶ್ರೇಷ್ಠ ನಟ' ಎಂಬ ಬೆಳ್ಳಿಬಣ್ಣದ ಕಪ್ ಇಟ್ಟರು. ತೀರ್ಪುಗಾರರಾಗಿ ನಿವೃತ್ತ ತಮಿಳು ಪಂಡಿತರೊಬ್ಬರು ಬಂದರು.

ಮಗನ ಪಾತ್ರ ಮೇಸ್ತ್ರಿಯದು. ಸತ್ತ ತಂದೆಯ ಮುಂದೆ ಕೂತು ಒಂದೂವರೆ ಪುಟ ಗೋಳಾಡಬೇಕು. ಮಾತಿಲ್ಲದ ಪಾತ್ರ ಅದೊಂದೇ ಇದ್ದದ್ದರಿಂದ ತಂದೆಯ ಹೆಣ ನಾನಾದೆ. ಎರಡು ತಿಂಗಳು ಅಭ್ಯಾಸ ನಡೆಯಿತು. ಮಲಗಿ ಕೇಳಿಸಿಕೊಂಡೇ ಆ ಒಂದೂವರೆ ಪುಟವೂ ನನಗೆ ಬಾಯಿಪಾಠವಾಗಿಬಿಟ್ಟಿತು. ಮೇಸ್ತ್ರಿ ಮಾತ್ರ ದಿನಕ್ಕೊಂದು ಕಡೆ ತಡವರಿಸುತ್ತಿದ್ದರು. "ನನ್ನ ಹೆಣ್ಣುಮಕ್ಕಳು ಮೊದಲನೇ ಸಾಲಲ್ಲಿ ಕೂರ್ತಾರೆ ಸಾರ್. ಮರೆತುಬಿಟ್ಟರೆ ಮುಖ ತೋರಿಸೋ ಹಾಗಿಲ್ಲ" ಅನ್ನುತ್ತಿದ್ದರು. ಆ ಭಯ ನಿಜವಾಗಿತ್ತು.

ನಾಟಕದ ದಿನ ನನ್ನನ್ನು ಬೆಂಚಿನ ಮೇಲೆ ಮಲಗಿಸಿ ಮೂಗಿಗೆ ಹತ್ತಿ ತುರುಕಿದರು. ನೂಲಿನ ಗಿರಣಿ, ಹತ್ತಿಗೇನು ಕೊರತೆ? ಕೈ ಬಿಚ್ಚಿ ತುರುಕಿದರು. ಮೇಸ್ತ್ರಿ ಓಡಿಬಂದು "ಅಪ್ಪಾ" ಎಂದು ನನ್ನ ಎದೆಯ ಮೇಲೆ ಬಿದ್ದರು. ಎರಡನೇ ಸಾಲು ಬರಲಿಲ್ಲ. ಮತ್ತೆ "ಅಪ್ಪಾ" ಅಂದರು. ಅವರ ಎದೆ ಡವಗುಟ್ಟುವುದು ನನ್ನ ಪಕ್ಕೆಲುಬಿಗೆ ಗೊತ್ತಾಗುತ್ತಿತ್ತು.

ತಡೆಯಲಾಗದೆ ನಾನು ತುಟಿ ಅಲ್ಲಾಡಿಸದೆ ಎರಡನೇ ಸಾಲು ಪಿಸುಗುಟ್ಟಿದೆ. ಮೇಸ್ತ್ರಿ ಅದನ್ನೇ ಹಿಡಿದು ಅತ್ತರು. ಮೂರನೆಯದನ್ನೂ ಕೊಟ್ಟೆ. ಹಾಗೇ ಒಂದೂವರೆ ಪುಟ ಮುಗಿಯಿತು. ಮೊದಲ ಸಾಲಿನಲ್ಲಿ ಅವರ ಮಕ್ಕಳು ಸೆರಗಿನಿಂದ ಕಣ್ಣೊರೆಸಿಕೊಂಡರು. ಬೆಂಚಿನ ಹಿಂದೆ, ನನ್ನ ತಲೆಯ ಹತ್ತಿರವೇ ಮೈಕ್ ಇದೆಯೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಪಂಡಿತರು ವೇದಿಕೆಗೆ ಬಂದು ಕಪ್ಪನ್ನು ಮೇಸ್ತ್ರಿಗೇ ಕೊಟ್ಟರು. "ತಂದೆ ಸತ್ತ ಮೇಲೂ ಆತನ ದನಿ ಮಗನ ಕಿವಿಯಲ್ಲಿ ಉಳಿಯುತ್ತದೆ. ಇದನ್ನು ಇಷ್ಟು ಚೆನ್ನಾಗಿ ತೋರಿಸಿದ ನಾಟಕವನ್ನು ನಾನು ನೋಡಿಲ್ಲ" ಎಂದು ಹೊಗಳಿದರು. ಮೇಸ್ತ್ರಿ ಕಪ್ಪನ್ನು ಎದೆಗೆ ಅವಚಿಕೊಂಡರು.

ಆಮೇಲೆ ಪಂಡಿತರು ನನ್ನ ಕಡೆ ತಿರುಗಿ, ಮೂಗಿನ ಹತ್ತಿಯನ್ನು ನೋಡುತ್ತ, ಮೈಕಿನಲ್ಲೇ ಹೇಳಿದರು: "ಸತ್ತವರ ತಮಿಳು ಮಾತ್ರ ಇನ್ನೂ ಸ್ವಲ್ಪ ಸುಧಾರಿಸಬೇಕು."