ಮಾವನವರನ್ನು ಕೈಲಾಸಕ್ಕೆ ಕಳಿಸಿದ ಮ್ಯಾಕ್ರೊ

ಕಂಪ್ಯೂಟರ್ ಮುಟ್ಟಲು ನನಗೆ ಇಂದಿಗೂ ಅಂಜಿಕೆ. ಆದರೆ ಅದರೊಳಗಿನ ಮ್ಯಾಕ್ರೊ ಎಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತು. ಅದನ್ನು ನಂಬಿ ನಾನೊಮ್ಮೆ ಜೀವಂತ ಮನುಷ್ಯರೊಬ್ಬರನ್ನು ಕೈಲಾಸಕ್ಕೆ ಕಳಿಸಿದ್ದೇನೆ. ಅದರ ಹೆಸರು ಮ್ಯಾಕ್ರೊ ಎಂದು ತಿಳಿದದ್ದು ಮೊನ್ನೆ, ಗದುಗಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಯುವ ಮೊಮ್ಮಗಳು ಪರೀಕ್ಷೆಗೆಂದು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಾಗ. ಮ್ಯಾಕ್ರೊ ಎಂದರೆ ನಡುನಡುವೆ ಖಾಲಿ ಜಾಗ ಬಿಟ್ಟು ಬರೆದಿಟ್ಟ ಬರಹವಂತೆ. ಕಂಪೈಲ್ ಆಗುವಾಗ, ಅಂದರೆ ಪ್ರೋಗ್ರಾಂ ಓಡುವುದಕ್ಕೆ ಮೊದಲೇ, ಖಾಲಿ ಜಾಗಕ್ಕೆ ಬೇಕಾದದ್ದು ತುಂಬಿ, ಅದರ ಹೆಸರು ಕರೆದಲ್ಲೆಲ್ಲ ಅದರ ಪ್ರತಿ ಇಳಿಯುತ್ತದಂತೆ. ಮಾಡ್ಯೂಲು ಎಂಬ ಪ್ರೋಗ್ರಾಂ ತುಂಡುಗಳದ್ದೂ ಹೆಚ್ಚುಕಡಿಮೆ ಇದೇ ಕಥೆಯಂತೆ: ಅಚ್ಚು ಒಂದೇ, ಒಳಗೆ ಹಾಕುವ ಸಾಮಾನು ಬೇರೆ. "ಅದಕ್ಕ ತಲಿ ಇರಂಗಿಲ್ಲಜ್ಜಾ. ಬರದಿದ್ದನ್ನ ಬರದಂಗ ಇಳಸತೈತಿ. ಓಡಾಕ ಹತ್ತಿದ ಮ್ಯಾಲ ತಿದ್ದಾಕ ಬರಂಗಿಲ್ಲ" ಎಂದಳು. ನನ್ನ ಕಥೆಯನ್ನು ಇಷ್ಟು ಚೊಕ್ಕವಾಗಿ ಯಾರೂ ಹೇಳಿರಲಿಲ್ಲ.

ಏಕೀಕರಣವಾಗಿ ಬಂದ ಮೊದಲ ಬೇಸಿಗೆ. ನಾನು ಬೆಟಗೇರಿಯ ಒಂದು ಮುದ್ರಣಾಲಯದಲ್ಲಿ ಕಂಪೋಜಿಟರ್, ಅಂದರೆ ಅಚ್ಚಿನ ಮೊಳೆ ಜೋಡಿಸುವವನು. ಲಗ್ನಪತ್ರಿಕೆಗೆ ಪ್ರತಿ ಸಲ ಹೊಸದಾಗಿ ಮೊಳೆ ಜೋಡಿಸುವವರು ಯಾರು? ಒಂದು ಪತ್ರಿಕೆಯ ಮೊಳೆಗಳನ್ನು ದಾರದಿಂದ ಬಿಗಿದು ಕಟ್ಟಿ ಇಟ್ಟುಬಿಡುವುದು. ಹೊಸ ಲಗ್ನ ಬಂದಾಗ ಹಳೆಯ ಹೆಸರು ಚಿಮಟಿಯಿಂದ ಕಿತ್ತು ಹೊಸ ಹೆಸರು ಕೂಡಿಸುವುದು. ಆ ಒಂದೇ ಕಟ್ಟಿನಿಂದ ಹಮ್ಮಿಗಿಯಿಂದ ನಾಗಾವಿಯವರೆಗೆ ಎಷ್ಟೋ ಸಂಸಾರಗಳು ಹುಟ್ಟಿದ್ದವು. ಅಷ್ಟರಲ್ಲಿ ನನ್ನದೇ ಲಗ್ನ ಗೊತ್ತಾಯಿತು. ಹೆಣ್ಣು ಲಕ್ಷ್ಮೇಶ್ವರದ್ದು. ದೊಡ್ಡಸ್ತಿಕೆ ತೋರಿಸಲು ಹೆಣ್ಣಿನ ಕಡೆಯ ಪತ್ರಿಕೆಯನ್ನೂ ನಾನೇ ಅಚ್ಚು ಹಾಕಿ, ಅವರ ನಂಟರಿಗೆಲ್ಲ ನಾನೇ ಅಂಚೆಗೆ ಹಾಕುತ್ತೇನೆಂದೆ.

ಕಟ್ಟು ಬಿಚ್ಚಿದರೆ ಮೊದಲು ಕಂಡದ್ದು 'ಮುಂಬಯಿ ರಾಜ್ಯ'. ಲಕ್ಷ್ಮೇಶ್ವರವಾದರೋ ಕೂತಲ್ಲೇ ಕೂತು ಮಿರಜ ಸಂಸ್ಥಾನದಿಂದ ಮುಂಬಯಿಗೆ, ಮುಂಬಯಿಯಿಂದ ಮೈಸೂರಿಗೆ ಬಂದ ಊರು. ಕನ್ನಡಿಗರೆಲ್ಲ ಒಂದಾದ ಹುರುಪಿನಲ್ಲಿ 'ಮೈಸೂರು ರಾಜ್ಯ' ಎಂದು ದೊಡ್ಡ ಮೊಳೆಯಲ್ಲಿ ಕೂಡಿಸಿದೆ. ಹೆಣ್ಣಿನ ಹೆಸರು, ಮಾವನವರ ಹೆಸರು ಕೂಡಿಸಿದೆ. ಆಮೇಲೆ ಮತ್ತೆ ಆ 'ಮೈಸೂರು ರಾಜ್ಯ'ವನ್ನೇ ನೋಡುತ್ತ ನಿಂತೆ. ಅಷ್ಟು ಚೆಂದ ಕಾಣುತ್ತಿತ್ತು. ಸ್ವಂತ ಲಗ್ನಕ್ಕೆ ಪ್ರೂಫ್ ಯಾಕೆ ಎಂದು ಇನ್ನೂರು ಪ್ರತಿ ತೆಗೆದು ಅಂಚೆಗೆ ಹಾಕಿಬಿಟ್ಟೆ. ಹಳೆಯ ಪತ್ರಿಕೆಯ ಹೆಣ್ಣಿಗೆ ತಂದೆ ಇರಲಿಲ್ಲ; ತಂದೆಯ ಹೆಸರಿಗಿಂತ ಮೊದಲು 'ಕೈಲಾಸವಾಸಿ' ಎಂದಿತ್ತು. ಅದು ಇದ್ದಲ್ಲೇ ಉಳಿದಿತ್ತು.

ನಾಲ್ಕನೆಯ ದಿನ ಮಾವನವರು ಬಸ್ಸಿಳಿದು ನೇರ ಮುದ್ರಣಾಲಯಕ್ಕೇ ಬಂದರು. ಅವರ ಮನೆಗೆ ಮಂದಿ ಅಳುತ್ತ ಬರುತ್ತಿದ್ದರಂತೆ. ಬಂದವರಿಗೆ ಅವರೇ ಚಹಾ ಕೊಟ್ಟು ಸಮಾಧಾನ ಮಾಡಿ ಕಳಿಸುತ್ತಿದ್ದರಂತೆ. ಹುಡುಗಿಯನ್ನು ಕಂಡದ್ದು ಒಂದೇ ಸಲ, ಆದರೆ ಮನಸ್ಸು ಆಗಲೇ ಅಲ್ಲೇ ಉಳಿದಿತ್ತು. ಲಗ್ನ ಮುರಿದರೆ ಏನು ಗತಿ? ಹೊಸದಾಗಿ ಅಚ್ಚು ಹಾಕಿಕೊಡುತ್ತೇನೆಂದು ತೊದಲಿದೆ. ಅವರು ಬೇಡವೆಂದರು.

"ಅಚ್ಚಿನ್ಯಾಗ ಸಾಯಿಸೀರಿ, ಬಾಯಿಲೆ ಬದುಕಸ್ರಿ. ಲಗ್ನದ ದಿನಾ ಹಂದರದ ಬಾಗಲದಾಗ ನನ್ನ ಮಗ್ಗಲಕ ನಿಂತು, ಬಂದ ಒಬ್ಬೊಬ್ಬರಿಗೂ ನಾ ಇದ್ದೀನಂತ ನೀವ ಹೇಳ್ರಿ."

ಆನಂದದಿಂದ ಅವರ ಕಾಲು ಹಿಡಿದೆ. ಒಂದೇ ಕಟ್ಟಿನಿಂದ ಇನ್ನೂರು ಪ್ರತಿಗೆ ಇಳಿದ ತಪ್ಪನ್ನು ಓಡುವಾಗ ತಿದ್ದಬೇಕಾದರೆ ಇನ್ನೂರು ಸಲ ತಿದ್ದಬೇಕೆಂಬುದು ಆಗ ಹೊಳೆಯಲಿಲ್ಲ. ಬಾಸಿಂಗ ಕಟ್ಟಿಕೊಂಡು ನಿಂತು, ಬಂದವರಿಗೆಲ್ಲ ಇವರು ನಮ್ಮ ಮಾವನವರು, ಇದ್ದಾರೆ, ಎಂದು ಕೈಮುಗಿದೆ. ಕೆಲವರು ಖಾತ್ರಿಗೆಂದು ಅವರನ್ನು ಮುಟ್ಟಿಯೂ ನೋಡಿದರು. ಒಳಗೆ ಮದುಮಗಳು ನಗು ತಡೆಯಲಾರದೆ ಸೆರಗು ಕಚ್ಚಿ ಕೂತಿದ್ದಳಂತೆ. ಅಕ್ಕಿಕಾಳು ಬೀಳುವ ಹೊತ್ತಿಗೆ ನನ್ನ ಗಂಟಲು ಬಿದ್ದುಹೋಗಿತ್ತು.

ಕೊನೆಗೆ ಬಂದವಳು ಶಿರಹಟ್ಟಿಯ ಮುದುಕಿ, ಮಾವನವರ ಸೋದರತ್ತೆ. ನನ್ನ ಮಾತು ಪೂರ್ತಿ ಕೇಳಿ, ಮಾವನವರ ಗಲ್ಲ ಸವರಿ, ಕಣ್ಣೊರೆಸಿಕೊಂಡಳು. ಆಮೇಲೆ ಚೀಲದಿಂದ ಪತ್ರಿಕೆ ತೆಗೆದು ನನ್ನ ಮುಂದೆ ಹಿಡಿದಳು.

"ಇಂವ ಅದಾನ, ಛಲೋ ಆತು. ಆದ್ರ ಇದರಾಗ ಮದುಮಗನ ಹೆಸರು ಚನ್ನವೀರಪ್ಪ ಅಂತ ಐತಲ್ಲಪಾ, ಅಂವ ಇನ್ನೂ ಬಂದಿಲ್ಲೇನು?"

ನನ್ನ ಹೆಸರು ಫಕೀರಪ್ಪ.